ಸಿಗರೇಟು ಬಿಟ್ಟೆ, ಸಿಟ್ಟು ಎಲ್ಲಿಡೋದು ಅಂತ ಗೊತ್ತಾಗ್ಲಿಲ್ಲ (ನನ್ನ ಅನುಭವ)

ನಾನು ಸಿಗರೇಟು ಬಿಟ್ಟಿದ್ದು 2024ರ ಸಂಕ್ರಾಂತಿ ಮಾರನೇ ದಿನ. ಅದಕ್ಕೂ ಮುಂಚೆ 19 ವರ್ಷ ಸೇದಿದೀನಿ, ದಿನಕ್ಕೆ 14-15, ಮೋಲ್ಡ್ (ಮನೆ ಛಾವಣಿಗೆ ಕಾಂಕ್ರೀಟ್) ಹಾಕೋ ದಿನ ಆದ್ರೆ ಇಪ್ಪತ್ತು ದಾಟ್ತಿತ್ತು. ತುಮಕೂರಲ್ಲಿ ಸಣ್ಣಪುಟ್ಟ ಮನೆ ಕಟ್ಟಿಸೋ ಕಾಂಟ್ರಾಕ್ಟರು ನಾನು, ಸೈಟಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತ್ರೆ ಸಂಜೆ ಆರರ ತನಕ ನಿಂತ್ಕೊಂಡೇ ಇರೋ ಕೆಲಸ, ನಿಂತವನ ಕೈಗೆ ಏನಾದ್ರೂ ಬೇಕಲ್ಲ.

ಹೆಂಗೆ ಬಿಟ್ಟೆ ಅಂತ ತುಂಬಾ ಜನ ಕೇಳ್ತಾರೆ. ಗಮ್ ತಗೊಂಡ್ರಾ, ಮಾತ್ರೆ ತಗೊಂಡ್ರಾ, ದೇವರಿಗೆ ಹರಕೆ ಹೊತ್ರಾ ಅಂತ. ಅದೆಲ್ಲ ಹೇಳ್ತೀನಿ, ಆದ್ರೆ ನನಗೆ ನಿಜವಾಗ್ಲೂ ಕಷ್ಟ ಆಗಿದ್ದು ಸಿಗರೇಟು ಇಲ್ದೆ ಇರೋದಲ್ಲ, ಸಿಗರೇಟು ಇಲ್ದಾಗ ಒಳಗಿಂದ ಎದ್ದು ಬಂದಿದ್ದನ್ನ ಏನು ಮಾಡೋದು ಅನ್ನೋದು. ಅದರ ಬಗ್ಗೆ ಯಾರೂ ನನಗೆ ಮುಂಚೆ ಹೇಳಿರ್ಲಿಲ್ಲ.

ಮೊದಲನೇ ದಿನ ಆರಾಮಾಗಿತ್ತು, ಇಷ್ಟೇನಾ ಅನ್ನಿಸ್ತು. ಎರಡನೇ ದಿನ ತಲೆ ಭಾರ, ನಿದ್ದೆ ಇಲ್ಲ. ಮೂರನೇ ದಿನ ಮಗಳು ಜಾಮಿಟ್ರಿ ಬಾಕ್ಸ್ ಕೆಳಗೆ ಬೀಳಿಸಿದ್ಲು ಅಷ್ಟೇ, ಆ ಸದ್ದಿಗೆ ನಾನು ಕೂಗಿದ ಕೂಗು ಪಕ್ಕದ ಮನೆಯವರು ಬಂದು ನೋಡೋ ಹಂಗಿತ್ತು. ಅವಳು ಒಂದು ಮಾತಾಡ್ಲಿಲ್ಲ, ಬಗ್ಗಿ ಕೈವಾರ, ರಬ್ಬರು ಒಂದೊಂದೇ ಆರಿಸಿ ಬಾಕ್ಸಿಗೆ ಹಾಕ್ಕೊಂಡ್ಲು. ಸಂಕ್ರಾಂತಿ ಎಳ್ಳು ಬೆಲ್ಲ ಇನ್ನೂ ಡಬ್ಬಿ ತುಂಬ ಇತ್ತು ಮನೇಲಿ, ಎಳ್ಳು ತಿಂದು ಒಳ್ಳೇ ಮಾತಾಡು ಅಂತ ಊರಿಗೆಲ್ಲ ಹಂಚಿ ಬಂದಿದ್ದೆ. ಆವತ್ತು ರಾತ್ರಿ ಹೆಂಡ್ತಿ ಹೇಳಿದ್ಲು, "ರೀ, ಬೇಕಾದ್ರೆ ಹೊರಗೆ ಹೋಗಿ ಒಂದು ಸೇದ್ಕೊಂಡೇ ಬನ್ನಿ, ಮಗೂ ಮೇಲೆ ಮಾತ್ರ ಹಿಂಗೆ ಹಾಯ್ಬೇಡಿ." 19 ವರ್ಷ ಬಿಡಿ ಬಿಡಿ ಅಂತ ಹಿಂದೆ ಬಿದ್ದವಳು ಅವಳೇ.

ಹೋಗಿ ಸೇದೋನೇ ಇದ್ದೆ. ಹೋಗ್ದೇ ಇದ್ದಿದ್ದಕ್ಕೆ ದೊಡ್ಡ ಮನಸ್ಸೇನೂ ಕಾರಣ ಅಲ್ಲ, ಹನ್ನೊಂದು ಗಂಟೆ ಆಗಿತ್ತು, ಅಂಗಡಿ ಮುಚ್ಚಿತ್ತು ಅಷ್ಟೇ.

ಮಾರನೇ ದಿನ ಡಾಕ್ಟರ ಹತ್ರ ಹೋದೆ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಅಂತ ಕೇಳಿದ್ರು. ನಾನು ಸಿಗರೇಟು ಹಚ್ಚದೆ ಬಾತ್‌ರೂಮಿಗೇ ಹೋಗ್ತಿರ್ಲಿಲ್ಲ, ಅದನ್ನೇ ಹೇಳ್ದೆ. ಎದ್ದ ಅರ್ಧ ಗಂಟೆ ಒಳಗೆ ಸೇದೋರಿಗೆ ಚಟದ ಅಂಟು ಜಾಸ್ತಿ ಅಂತ 4 ಎಂಜಿ ನಿಕೋಟಿನ್ ಗಮ್ ಬರ್ದುಕೊಟ್ರು. ಮೂರನೇ ದಿನದ ಕಥೆ ಹೇಳಿದಾಗ ಅವರಿಗೆ ಏನೂ ಆಶ್ಚರ್ಯ ಆಗ್ಲಿಲ್ಲ. ಸಿಟ್ಟು, ಚಡಪಡಿಕೆ, ಅಳು ಬಂದಂಗಾಗೋದು, ನಿದ್ದೆಗೇಡು, ಸಿಕ್ಕಾಪಟ್ಟೆ ಹಸಿವು ಇವೆಲ್ಲ ಎರಡು ಮೂರನೇ ದಿನಕ್ಕೆ ಏರಿರುತ್ತಂತೆ, ಆಮೇಲೆ ಇಳೀತಾ ಮೂರು ನಾಲ್ಕು ವಾರದಲ್ಲಿ ಬಹಳಷ್ಟು ತಣ್ಣಗಾಗುತ್ತಂತೆ. ಇದನ್ನ ಒಂದು ವಾರ ಮುಂಚೆ ಹೆಂಡ್ತಿಗೂ ಮಗಳಿಗೂ ಹೇಳಿಟ್ಟಿದ್ರೆ ಎಷ್ಟೋ ವಾಸಿ ಇತ್ತು. ಯಾರಾದ್ರೂ ಬಿಡೋರಿದ್ರೆ ಮೊದಲು ಮನೆಯವರನ್ನ ಕೂರಿಸ್ಕೊಂಡು ಹೇಳಿ, ಈ ವಾರ ನಾನು ಸ್ವಲ್ಪ ಮನುಷ್ಯನ ಥರ ಇರಲ್ಲ, ತಪ್ಪು ತಿಳ್ಕೋಬೇಡಿ ಅಂತ.

ಇನ್ನೊಂದು ಮಾತು ಅವರು ಹೇಳಿದ್ದು ನನಗೆ ತುಂಬಾ ದಿನ ತಲೇಲಿ ಕೊರೀತಾ ಇತ್ತು. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧ ಆಗ್ಬಿಡುತ್ತೆ, ಕಮ್ಮಿ ಆಗ್ತಿದ್ದಂಗೆ ಮೈ ಚಡಪಡಿಸೋಕೆ ಶುರು, ಆಗ ಒಂದು ಸೇದಿದ್ರೆ ಆ ಚಡಪಡಿಕೆ ನಿಲ್ಲುತ್ತೆ. ನಾವು ಅದಕ್ಕೆ ಟೆನ್ಶನ್ ಕಮ್ಮಿ ಆಯ್ತು ಅಂತ ಹೆಸರಿಡ್ತೀವಿ. ಅಂದ್ರೆ ದಿನಾ ನನ್ನ ಅರ್ಧ ಟೆನ್ಶನ್ನು ಸಿಗರೇಟೇ ತಂದಿಟ್ಟು ಸಿಗರೇಟೇ ಬಿಡಿಸ್ತಾ ಇತ್ತು. ಸಾಲ ಕೊಟ್ಟವನೇ ಬಡ್ಡಿ ಕಟ್ಟೋಕೆ ಮತ್ತೆ ಸಾಲ ಕೊಟ್ಟಂಗೆ.

ಗಮ್ ವಿಷಯದಲ್ಲಿ ನಾನು ಮಾಡಿದ ಎಡವಟ್ಟು ಹೇಳ್ಬಿಡ್ತೀನಿ. ಬಬಲ್ ಗಮ್ ಥರ ಕಚಕಚ ಅಗಿದು ನುಂಗಿದೆ, ಐದು ನಿಮಿಷಕ್ಕೆ ಬಿಕ್ಕಳಿಕೆ ಹಿಡ್ಕೊಳ್ತು, ಮನೆ ಓನರ್ ಮುಂದೆ ಎಸ್ಟಿಮೇಟ್ ಓದ್ತಾ ಓದ್ತಾ ಲಕ್ಷ ಅನ್ನೋ ಮುಂಚೆ ಒಂದು ಬಿಕ್ಕು. ಅದನ್ನ ನಿಧಾನಕ್ಕೆ ಅಗೀಬೇಕು, ಬಾಯಲ್ಲಿ ಖಾರ ಖಾರ ಅನ್ನಿಸ್ತಿದ್ದಂಗೆ ಕೆನ್ನೆ ಒಳಗೆ ಒಂದು ಕಡೆ ಇಟ್ಟು ಸುಮ್ಮನಿರ್ಬೇಕು, ಖಾರ ಹೋದ್ಮೇಲೆ ಮತ್ತೆ ಎರಡು ಅಗಿತ. ಕಾಫಿ ಕುಡಿದ ತಕ್ಷಣ ಹಾಕ್ಕೊಂಡ್ರೆ ಸರಿಯಾಗಿ ಕೆಲಸ ಮಾಡಲ್ಲ, ಒಂದು ಕಾಲು ಗಂಟೆ ಬಿಟ್ಟು ಹಾಕ್ಕೋಬೇಕು.

ಕಾಫಿ ಅಂದ್ಮೇಲೆ ಇದು ಹೇಳಲೇಬೇಕು. ಮೊದಲ ವಾರ ಎದೆ ಡವಡವ, ಕೈ ನಡುಕ, ಏನೋ ಆಗ್ಬಿಡುತ್ತೆ ಅನ್ನೋ ಭಯ. ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೆ ಅಂದ್ಕೊಂಡಿದ್ದೆ. ಅರ್ಧ ಕಾಫಿದಂತೆ! ಸಿಗರೇಟಿನ ಹೊಗೆ ಲಿವರಲ್ಲಿ ಕೆಫೀನ್ ಬೇಗ ಕರಗೋ ಹಂಗೆ ಮಾಡಿರುತ್ತೆ, ಹೊಗೆ ನಿಂತ ಮೇಲೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳ್ಕೊಳುತ್ತೆ. ನಾನು ದಿನಕ್ಕೆ ಆರು ಲೋಟ ಸ್ಟ್ರಾಂಗ್ ಕುಡಿಯೋನು, ಸಿಗರೇಟು ಇಲ್ಲ ಅಂತ ಎಂಟಕ್ಕೆ ಏರಿಸಿದ್ದೆ. ಮೂರಕ್ಕೆ ಇಳಿಸಿದೆ, ನಾಲ್ಕು ದಿನದಲ್ಲಿ ಆ ಭಯ ಮುಕ್ಕಾಲು ಭಾಗ ಹೋಯ್ತು. ಎಲ್ಲಾ ಭಯಕ್ಕೂ ಮನಸ್ಸೇ ಕಾರಣ ಅಂತ ಹುಡುಕ್ಕೊಂಡು ಕೂರೋ ಮುಂಚೆ ಲೋಟ ಎಣಿಸಿ.

ಈಗ ನನ್ನ ಮುಖ್ಯ ವಿಷಯಕ್ಕೆ ಬರ್ತೀನಿ. ಸೈಟಿಗೆ ಒಂದು ಡೈರಿ ಇಟ್ಟಿರ್ತೀನಿ, ಸಿಮೆಂಟ್ ಎಷ್ಟು ಚೀಲ, ಎಂ ಸ್ಯಾಂಡ್ ಎಷ್ಟು ಲೋಡ್, ಗಾರೆಯವರು ಎಷ್ಟು ಜನ ಅಂತ. ಅದರ ಅಂಚಲ್ಲೇ, ಸೇದ್ಬೇಕು ಅಂತ ಅನ್ನಿಸ್ದಾಗೆಲ್ಲ ಟೈಮು ಬರ್ದು ಅದಕ್ಕೆ ಮುಂಚೆ ಏನಾಯ್ತು ಅಂತ ಎರಡು ಪದ ಬರೆಯೋಕೆ ಶುರು ಮಾಡ್ದೆ. ಕ್ವಿಟ್‌ಲೈನ್ ಅಂತ ತಂಬಾಕು ಬಿಡೋರಿಗೆ ಒಂದು ಸಹಾಯವಾಣಿ ಇದೆ, ಅಲ್ಲಿನ ಮೇಡಂ ಹೇಳಿಕೊಟ್ಟಿದ್ದು. (ಸಿಗರೇಟ್ ಪ್ಯಾಕ್ ಮೇಲೆ ಪ್ರಿಂಟ್ ಆಗಿರುತ್ತಲ್ಲ, 1800-11-2356, ಅದೇ. ಅಷ್ಟು ವರ್ಷ ಆ ಪ್ಯಾಕ್ ಜೇಬಲ್ಲಿಟ್ಕೊಂಡು ಓಡಾಡಿದೀನಿ, ಆ ನಂಬರಿಗೆ ಮಾಡಿದ್ರೆ ಮನುಷ್ಯರು ಎತ್ತುತಾರೆ ಅಂತ ನಂಬಿಕೆ ಇರ್ಲಿಲ್ಲ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸ್ತಾರೆ.)

ಹತ್ತು ದಿನ ಆದ್ಮೇಲೆ ಹಿಂದೆ ತಿರುವಿ ನೋಡ್ದೆ. 11.10, ಜಲ್ಲಿ ಬಂದಿಲ್ಲ, ಸಿಟ್ಟು. 4.30, ಏನೂ ಇಲ್ಲ, ಬೇಜಾರು. 1.45, ಹಸಿವು. 9.20, ಓನರಿಗೆ ಫೋನ್ ಮಾಡ್ಬೇಕು. 5.00, ಓನರ್ ಬರ್ತಾರೆ. 10.15, ಓನರ್. ಓನರ್, ಓನರ್ ಅಂತ ಪುಟಕ್ಕೆ ನಾಲ್ಕು ಸಲ ಇತ್ತು. ಆಗ ಹೊಳೀತು, ನಾನು ದುಡ್ಡು ಕೇಳೋ ಮುಂಚೆ ಒಂದು ಸೇದ್ತಿದ್ದೆ. ಗೋಡೆ ಕೆಲಸ ಮುಗಿದಿದೆ, ಮುಂದಿನ ಕಂತು ಕೊಡಿ ಅಂತ ಬಾಯಿಬಿಟ್ಟು ಕೇಳೋಕೆ ನನಗೆ ಭಾರೀ ಸಂಕೋಚ, ಯಾವಾಗ್ಲೂ. ಅದು ಸಂಕೋಚ ಅಂತ ನನಗೇ ಗೊತ್ತಿರ್ಲಿಲ್ಲ, ಯಾಕಂದ್ರೆ ಅದು ತಲೆ ಎತ್ತೋ ಮುಂಚೆ ಹೊಗೆ ಹಾಕಿ ಓಡಿಸ್ಬಿಡ್ತಿದ್ದೆ.

ಸಂಕೋಚಕ್ಕೆ ಗಮ್ ಇಲ್ಲ. ಏನು ಮಾಡ್ದೆ ಅಂದ್ರೆ, ಕೇಳ್ಬೇಕಾದ ಮಾತನ್ನ ಮೊದಲು ಚೀಟೀಲಿ ಬರ್ಕೊಳ್ಳೋದು, "ಸಾರ್, ಲಿಂಟಲ್ ಲೆವೆಲ್ ಮುಗೀತು, ಶುಕ್ರವಾರದೊಳಗೆ ಎರಡು ಲಕ್ಷ ಬೇಕು" ಅಂತ, ಅದನ್ನ ನೋಡ್ಕೊಂಡೇ ಫೋನಲ್ಲಿ ಓದೋದು. ಮೊದಲ ಸಲ ಅಂಗೈಯೆಲ್ಲ ಬೆವರು. ಆ ಮನುಷ್ಯ "ಆಯ್ತು ಹಾಕಿಸ್ತೀನಿ" ಅಂದು ಫೋನ್ ಇಟ್ಟೇಬಿಟ್ರು. ಇಷ್ಟಕ್ಕೆ ಹತ್ತೊಂಬತ್ತು ವರ್ಷ ಶ್ವಾಸಕೋಶ ಸುಟ್ಕೊಂಡ್ನಲ್ಲಪ್ಪಾ!

ಸಿಟ್ಟಿಗೆ ಬೇರೆ ದಾರಿ ಬೇಕಾಯ್ತು. ಹದಿನಾರನೇ ದಿನ ಒಂದು ಮೋಲ್ಡ್ ಇತ್ತು. ಅರ್ಧ ಸ್ಲ್ಯಾಬ್ ಆಗಿದೆ, ಮಿಕ್ಸರ್ ನಿಂತೋಯ್ತು. ಮೋಲ್ಡ್ ಅರ್ಧಕ್ಕೆ ನಿಲ್ಲಿಸಂಗಿಲ್ಲ, ಜಾಯಿಂಟ್ ಬಿದ್ರೆ ಆಮೇಲೆ ಸೋರುತ್ತೆ, ಮೂವತ್ತು ಜನ ಬಾಣಲಿ ಹಿಡ್ಕೊಂಡು ನನ್ನ ಮುಖ ನೋಡ್ತಾವ್ರೆ, ನನಗೆ ಕಣ್ಣೆಲ್ಲ ಕೆಂಪು. ಹಿಂದೆಲ್ಲ ಈ ಟೈಮಲ್ಲಿ ಪಕ್ಕಕ್ಕೆ ಹೋಗಿ ಒಂದು ಹಚ್ತಿದ್ದೆ, ಐದು ನಿಮಿಷ ಯಾರೂ ಮಾತಾಡಿಸ್ತಿರ್ಲಿಲ್ಲ. ಆವತ್ತು ಗೊತ್ತಾಗಿದ್ದು ಆ ಐದು ನಿಮಿಷವೇ ಔಷಧಿ ಆಗಿತ್ತು, ಅದರ ಜೊತೆಗಿದ್ದ ಹೊಗೆ ಅಲ್ಲ. "ಅಣ್ಣ, ಐದು ನಿಮಿಷ ಬಂದೆ" ಅಂತ ಮೇಸ್ತ್ರಿಗೆ ಹೇಳಿ ಸಂಪ್ ಹತ್ರ ಹೋಗಿ ಮುಖಕ್ಕೆ ನೀರು ಹಾಕ್ಕೊಂಡು ಸುಮ್ನೆ ನಿಂತೆ, ಜೇಬಲ್ಲಿದ್ದ 5 ಮೀಟರ್ ಟೇಪ್ ಎಳೆಯೋದು ಬಿಡೋದು, ಎಳೆಯೋದು ಬಿಡೋದು. ಪ್ಯಾಕ್ ಇಡ್ತಿದ್ದ ಜೇಬಿಗೆ ಆಗ ಟೇಪ್ ಬಂದಿತ್ತು. ಆಸೆ ಅನ್ನೋದು ಅಲೆ ಥರ, ಏರುತ್ತೆ, ಐದು ಹತ್ತು ನಿಮಿಷದಲ್ಲಿ ಇಳಿಯುತ್ತೆ, ನೀವು ಸೇದಿದ್ರೂ ಇಳಿಯುತ್ತೆ ಸೇದ್ದಿದ್ರೂ ಇಳಿಯುತ್ತೆ. ವಾಪಸ್ ಹೋಗಿ ಬೇರೆ ಮಿಕ್ಸರಿಗೆ ಫೋನ್ ಮಾಡ್ದೆ, ಮುಕ್ಕಾಲು ಗಂಟೇಲಿ ಬಂತು. ಆ ಟೇಪಿನ ಟಕ್ ಟಕ್ ಸದ್ದಿಗೆ ಮಾತ್ರ ಸೆಂಟ್ರಿಂಗ್ ಹುಡುಗ್ರು ಇವತ್ತಿಗೂ ನನ್ನ ಆಡ್ಕೊಂಡು ನಗ್ತಾರೆ.

ಇಪ್ಪತ್ತೆರಡು ಇಪ್ಪತ್ಮೂರನೇ ದಿನ, ಸಿಟ್ಟೆಲ್ಲ ಇಳಿದಿತ್ತು, ಇನ್ನೇನು ಗೆದ್ದೆ ಅಂದ್ಕೊಂಡಿದ್ದೆ. ಗಾಡೀಲಿ ಬರ್ತಾ ಇದ್ದೆ, ಕಾರಣ ಇಲ್ಲದೆ ಅಳು ಬಂತು. ಸೈಡಿಗೆ ಹಾಕಿ ಹೆಲ್ಮೆಟ್ ಒಳಗೇ ಅತ್ತೆ. ಅಪ್ಪ ಹೋಗಿದ್ದು 2021ರ ನವೆಂಬರಲ್ಲಿ. ಆಸ್ಪತ್ರೇಲಿ ಮೂರು ರಾತ್ರಿ ಅವರ ಪಕ್ಕ ಕೂತಿದ್ದೆ, ಹೋದ ಹೊತ್ತಿಗೆ ಮಾತ್ರ ನಾನು ಎದುರುಗಡೆ ಗೂಡಂಗಡೀಲಿ ಸಿಗರೇಟು ಸೇದ್ತಾ ನಿಂತಿದ್ದೆ. ಟೀ ಕುಡಿಯೋಕೆ ಹೋಗಿದ್ದೆ ಅಂತ ಎಲ್ಲರಿಗೂ ಹೇಳಿದೀನಿ. ಆಮೇಲಿಂದ ಅದು ನೆನಪಾದಾಗೆಲ್ಲ ಒಂದು ಹಚ್ಚೋದು, ಯಾವುದರಿಂದ ಆ ನೋವಾಯ್ತೋ ಅದನ್ನೇ ಬಾಯಿಗಿಟ್ಕೊಳ್ಳೋದು, ಎರಡು ವರ್ಷ. ಈಗ ಮುಚ್ಚಳ ತೆಗೆದಂಗಾಯ್ತು. ಒಂದು ವಾರ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರ್ತಿಲ್ಲ. ಕೊನೆಗೆ ಹೆಂಡ್ತಿ ಹತ್ರ ಹೇಳ್ದೆ, ಟೀ ಅಲ್ಲ ಕಣೆ ಅಂತ. ಅವಳು "ನನಗೆ ಗೊತ್ತಿತ್ತು, ಆವತ್ತು ನಿಮ್ಮ ಶರ್ಟು ವಾಸನೆ ಹೊಡೀತಿತ್ತು" ಅಂದ್ಲು. ಅಷ್ಟೇ ಅಂದಿದ್ದು.

ನನ್ನದು ಒಂದೂವರೆ ವಾರದಲ್ಲಿ ತಿಳಿಯಾಯ್ತು. ಎಲ್ಲರದ್ದೂ ಆಗಲ್ಲ. ಬೇಜಾರು ಎರಡು ವಾರ ದಾಟಿದ್ರೆ, ಬದುಕೇ ಸಾಕು ಅನ್ನೋ ಯೋಚನೆ ಬಂದ್ರೆ ಅದನ್ನ ಸಿಗರೇಟ್ ಬಿಟ್ಟಿದ್ದಕ್ಕೆ ಅಂತ ಸುಮ್ನಿರ್ಬೇಡಿ, ಡಾಕ್ಟರ ಹತ್ರ ಹೋಗಿ, ಇಲ್ಲ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಅದೂ ಫ್ರೀ. ಮುಂಚೆ ಡಿಪ್ರೆಶನ್ ಇದ್ದು ಮಾತ್ರೆ ತಗೋತಿರೋರು ಬಿಡೋ ಮುಂಚೇನೇ ಡಾಕ್ಟರಿಗೆ ಹೇಳ್ಬೇಕು, ಸಿಗರೇಟು ನಿಂತ್ರೆ ಕೆಲವು ಮಾತ್ರೆಗಳ ಡೋಸ್ ಬದಲಾಯಿಸ್ಬೇಕಾಗುತ್ತೆ.

ಇಷ್ಟೆಲ್ಲ ದಾಟಿದವನು ಬಿದ್ದಿದ್ದು ಎಲ್ಲಿ ಗೊತ್ತಾ, ಖುಷೀಲಿ. 38ನೇ ದಿನ, ನಾನು ಕಟ್ಟಿದ ಮನೆ ಗೃಹಪ್ರವೇಶ. ಹೋಳಿಗೆ ಊಟ, ಓನರ್ ಶಾಲು ಹೊದಿಸಿ ಕಡೇ ಬಿಲ್ಲಿನ ಚೆಕ್ ಕೈಗೆ ಕೊಟ್ರು, ಟೆರೇಸ್ ಮೇಲೆ ಫ್ರೆಂಡ್ಸ್ ಎಲ್ಲ ನಿಂತಿದ್ರು, ಒಬ್ಬ ನೀಡ್ದ, ತಗೊಂಡೆ. ಯೋಚ್ನೆನೇ ಮಾಡ್ಲಿಲ್ಲ. ಸಿಟ್ಟಿಗೆ, ಅಳುಗೆ, ಬೇಜಾರಿಗೆ ಎಲ್ಲಕ್ಕೂ ರೆಡಿ ಇದ್ದೆ, ಖುಷಿಗೆ ರೆಡಿ ಇರ್ಲಿಲ್ಲ. ಮೊದಲ ದಮ್ಮಿಗೆ ತಲೆ ಗಿರ್ ಅಂತು, ರುಚಿನೂ ಕೆಟ್ಟದಾಗಿತ್ತು. ಆದ್ರೂ ಪೂರ್ತಿ ಸೇದ್ದೆ. ಆಮೇಲೆ ಬಂದಿದ್ದು ನಾಚಿಕೆ, ಹೆಂಗೂ ಹಾಳಾಯ್ತಲ್ಲ ಇನ್ನೇನು ಅಂತ ಸಂಜೆ ಒಳಗೆ ಇನ್ನೂ ಮೂರು. ಎಲ್ಲದಕ್ಕಿಂತ ಅಪಾಯದ್ದು ಈ ನಾಚಿಕೆನೇ ಅಂತೀನಿ ನಾನು, ಒಂದನ್ನ ನಾಲ್ಕು ಮಾಡಿಸಿದ್ದು ಅದು.

ಎರಡು ದಿನಕ್ಕೆ ಕ್ವಿಟ್‌ಲೈನಿಂದ ಫೋನ್ ಬಂತು. ಸುಳ್ಳು ಹೇಳೋಣ ಅಂತಿದ್ದೆ, ಬಾಯಿಗೆ ನಿಜ ಬಂತು. ಆ ಹುಡುಗಿ ಬೈಲಿಲ್ಲ, "ಎಷ್ಟು ದಿನ ಸೇದದೆ ಇದ್ರಿ ಸರ್" ಅಂದ್ಲು. ಮೂವತ್ತೇಳು ಅಂದೆ. "ಅದು ಎಲ್ಲೂ ಹೋಗಿಲ್ವಲ್ಲ ಸರ್, ನಾಳೆಯಿಂದ ಮುಂದಕ್ಕೆ ಎಣಿಸಿ" ಅಂದ್ಲು. ಸೊನ್ನೆಯಿಂದ ಶುರು ಮಾಡು ಅಂದಿದ್ರೆ ನಾನು ಬಿಟ್ಟೇಬಿಡ್ತಿದ್ದೆ, ಎಣಿಸೋದನ್ನ.

ಆಮೇಲೆ ಇನ್ನೂ ಎರಡು ತಿಂಗಳು ಗಮ್ ಇಟ್ಕೊಂಡಿದ್ದೆ, ನಿಧಾನಕ್ಕೆ ಕಮ್ಮಿ ಮಾಡಿ ಬಿಟ್ಟೆ. ಆರು ಕೆಜಿ ದಪ್ಪ ಆದೆ, ನಾಲ್ಕು ಇಳಿಸಿದೆ. ಕನಸಲ್ಲಿ ಆಗಾಗ ಸೇದ್ತೀನಿ, ಎದ್ದಾಗ ಅಯ್ಯೋ ಅಂತ ಬೆವೆತಿರ್ತೀನಿ.

ಹೋದ ತಿಂಗಳು ದೊಡ್ಡಪ್ಪ ತೀರ್ಕೊಂಡ್ರು. ವೈಕುಂಠ ಸಮಾರಾಧನೆ ದಿನ ಛತ್ರದ ಹೊರಗೆ ಚಿಕ್ಕಪ್ಪನ ಮಗ ಸಿಗರೇಟು ಬಾಯಿಗಿಟ್ಕೊಂಡು ಬೆಂಕಿ ಐತೇನಣ್ಣ ಅಂದ. ಗಾಡಿ ಡಿಕ್ಕೀಲಿ ನನ್ನ ಹಳೇ ಲೈಟರ್ ಇನ್ನೂ ಇದೆ, ಸೈಟ್ ಪೂಜೇಲಿ ಕರ್ಪೂರ ಹಚ್ಚೋಕೆ ಬೇಕಾಗುತ್ತೆ. ತೆಗೆದುಕೊಟ್ಟೆ. ಹೊಗೆ ಮೂಗಿಗೆ ಬಂತು, ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳು. ಲೈಟರ್ ವಾಪಸ್ ಇಸ್ಕೊಂಡು ಒಳಗೆ ಹೋದೆ, ಎರಡನೇ ಪಂಕ್ತಿಗೆ ಎಲೆ ಹಾಕ್ತಾ ಇದ್ರು, ನಾನೂ ಒಂದು ಕಡೆಯಿಂದ ನೀರು ಬಡಿಸ್ತಾ ಹೋದೆ.