ಅವರೆಗೆ ಹೇನು ಬಿದ್ದಿದೆಯೇ? ಪಂಪು ಎತ್ತುವ ಮುನ್ನ ನೋಡಿ

ಚಿಂತಾಮಣಿ ಕಡೆಯವರೇ, ಅವರೆ ಕುಡಿಗೆ ಕಪ್ಪು ಹೇನು ಮುತ್ತಿದರೆ ನಾವು ಮೊದಲು ಓಡುವುದು ಔಷಧದ ಅಂಗಡಿಗೆ. ಸ್ವಲ್ಪ ತಡೆಯಿರಿ. ಹೇನಿನ ಗುಂಪಿನ ಮೇಲೆ ಭೂತಗನ್ನಡಿ ಹಿಡಿಯಿರಿ. ಕಾಲಿಲ್ಲದ, ಅಕ್ಕಿಕಾಳಿಗಿಂತ ಚಿಕ್ಕ ಮರಿಹುಳು ತೆವಳುತ್ತಿದ್ದರೆ ಅದನ್ನು ಕಾಯಿಕೊರಕವೆಂದು ಹೊಸಕಬೇಡಿ. ಅದು ಲ್ಯೂಕೋಪಿಸ್ ಕುಲದ ಬೆಳ್ಳಿ ನೊಣದ ಮರಿ ಇರಬಹುದು. ಹೇನುಗಳನ್ನು ತಿಂದೇ ಬೆಳೆಯುತ್ತದೆ. ಈ ಗುಂಪಿನ ಕೆಲವು ನೊಣಗಳ ಮರಿಗಳಿಗೆ ಹಿಟ್ಟು ತಿಗಣೆಯೂ ಆಹಾರ. ಬೆಳೆದ ನೊಣ 2-3 ಮಿಲಿಮೀಟರ್ ಅಷ್ಟೇ, ಬೂದಿ ಬಣ್ಣದ್ದು. ಹೇನು ಸುರಿಸುವ ಅಂಟುರಸವೇ ಅದಕ್ಕೆ ಊಟ. ತಿಳಿಯದೆ ಎರಡು ವರ್ಷ ನಾನೇ ಇವನ್ನು ಕೊಂದೆ, ಅದೂ ದುಡ್ಡು ಕೊಟ್ಟು! ಮರಿ ಕಂಡ ಕುಡಿಗಳನ್ನು ಬಿಟ್ಟು, ಉಳಿದವಕ್ಕೆ ಮಾತ್ರ ಸಂಜೆ ಬೇವಿನ ಸೋಪಿನ ನೀರು ಸಿಂಪಡಿಸಿ.