ಮರದ ನೆಲ, ಮೆತ್ತನೆ ಕಾರ್ಪೆಟ್: ನಡುವಿನ ಸಂದು ಮುಚ್ಚುವುದು ಹೇಗೆ?

ಹಳೆಯ ಮನೆಗಳಲ್ಲಿ ಕೋಣೆಗೊಂದು ಹೊಸಿಲು ಇರುತ್ತಿತ್ತು. ನಡುಮನೆಗೆ ರೆಡ್ ಆಕ್ಸೈಡ್, ಒಳಕೋಣೆಗೆ ಮೊಸಾಯಿಕ್ ಇದ್ದರೂ ಎರಡರ ಅಂಚನ್ನೂ ಹೊಸಿಲೇ ನುಂಗಿಕೊಳ್ಳುತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಮುಂಬಾಗಿಲು ಬಿಟ್ಟರೆ ಒಳಗೆ ಹೊಸಿಲು ಕಾಣುವುದೇ ಅಪರೂಪ. ಮಲಗುವ ಕೋಣೆಗೆ ವುಡನ್ ಫ್ಲೋರಿಂಗ್, ಪಕ್ಕದ ಹೋಮ್ ಥಿಯೇಟರಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿದವರಿಗೆ ಬಾಗಿಲ ಬುಡದಲ್ಲಿ ತಲೆನೋವು ಶುರುವಾಗುವುದು ಅದಕ್ಕೇ.

ನಮ್ಮ ಮನೆಗೆ ಬಂದ ಬಡಗಿ ಸುಲಭದ ದಾರಿ ಹಿಡಿದ. ಹಿತ್ತಾಳೆ ಬಣ್ಣದ ಪಟ್ಟಿಯೊಂದನ್ನು ಸಂದಿನ ಮೇಲಿಟ್ಟು, ಮರದ ಹಲಗೆಯ ಮೂಲಕವೇ ಸ್ಕ್ರೂ ಬಿಗಿದು ಹೋದ. ಅದು ಏಪ್ರಿಲ್ ತಿಂಗಳು. ಮಳೆ ಹಿಡಿದು ಆಗಸ್ಟ್ ಬರುವಷ್ಟರಲ್ಲಿ ನೆಲ ನಡುವೆ ಹಪ್ಪಳದಂತೆ ಉಬ್ಬಿ, ಕಾಲಿಟ್ಟರೆ ಟಪ್ ಎನ್ನತೊಡಗಿತು. ಸ್ಕ್ರೂ ಬಿಚ್ಚಿದ ಮೇಲೆ ಎರಡು ವಾರದಲ್ಲಿ ತಾನಾಗಿ ಕೂತಿತು.

ಇಂಥ ನೆಲಕ್ಕೆ ‘ಫ್ಲೋಟಿಂಗ್’ ಎಂಬ ಹೆಸರು ಬಂದಿರುವುದೇ ಅದು ಕೆಳಗಿನ ಟೈಲಿಗಾಗಲಿ ಕಾಂಕ್ರೀಟಿಗಾಗಲಿ ಅಂಟಿಕೊಂಡಿಲ್ಲ ಎಂಬ ಕಾರಣಕ್ಕೆ. ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡು, 2–3 ಮಿ.ಮೀ. ಫೋಮಿನ ಮೇಲೆ ಒಂದೇ ಹಾಳೆಯ ಹಾಗೆ ಮಲಗಿರುತ್ತವೆ. ತೇವಕ್ಕೆ ಹಿಗ್ಗುತ್ತವೆ, ಒಣಹವೆಗೆ ಕುಗ್ಗುತ್ತವೆ. ಗೋಡೆಯ ಬುಡದಲ್ಲಿ 8–10 ಮಿ.ಮೀ. ಜಾಗ ಬಿಟ್ಟು ಸ್ಕರ್ಟಿಂಗ್ ಮುಚ್ಚುವುದು ಈ ಓಡಾಟಕ್ಕಾಗಿಯೇ. ಬಾಗಿಲಲ್ಲೂ ಅದೇ ಲೆಕ್ಕ. ಪಟ್ಟಿಯನ್ನು ಬಿಗಿಯುವುದು ಕೆಳಗಿನ ಗಟ್ಟಿ ನೆಲಕ್ಕೆ, ಮರಕ್ಕಲ್ಲ.

ಮೊದಲು ಅಳತೆ

8 ಮಿ.ಮೀ. ಹಲಗೆ, 2 ಮಿ.ಮೀ. ಫೋಮ್ ಸೇರಿದರೆ ಮರದ ಕಡೆ ಎತ್ತರ 10 ಮಿ.ಮೀ. ಕಾರ್ಪೆಟ್ಟನ್ನು ಅದರ ಕೆಳಗಿನ ಮೆತ್ತೆಯ ಸಮೇತ ಅಂಗೈಯಿಂದ ಒತ್ತಿ ಅಳೆಯಿರಿ; ಕಾಲಿಟ್ಟಾಗ ಇರುವ ಎತ್ತರವೇ ನಿಜವಾದದ್ದು. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದರೆ ಒಳ್ಳೆಯದು. ಕಾರ್ಪೆಟ್ ತಗ್ಗಾಗಿದ್ದರೆ ದಪ್ಪ ಮೆತ್ತೆ ಹಾಕಿಸಿ. ಮೆತ್ತೆಯಿಲ್ಲದೆ ನೆಲಕ್ಕೇ ಅಂಟಿಸುವ ತೆಳು ಕಾರ್ಪೆಟ್ ಟೈಲಾದರೆ ಇಳಿಜಾರಿನ ‘ರೆಡ್ಯೂಸರ್’ ಪಟ್ಟಿ ಸಾಕು, ಮುಂದೆ ಹೇಳುವ ಗ್ರಿಪ್ಪರ್ ಬೇಕಿಲ್ಲ.

ಅಂಗಡಿಯಲ್ಲಿ ಸುಮ್ಮನೆ ‘ಪಟ್ಟಿ ಕೊಡಿ’ ಎಂದರೆ ಟಿ ಆಕಾರದ್ದನ್ನು ಕೊಟ್ಟುಬಿಡಬಹುದು. ಅದು ಮರಕ್ಕೂ ಟೈಲಿಗೂ ಹೊಂದುತ್ತದೆ. ದಪ್ಪ ಕಾರ್ಪೆಟ್ಟನ್ನು ಮೇಲಿನಿಂದ ಒತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಕೇಳಬೇಕಾದದ್ದು ‘ಎಂಡ್ ಪ್ರೊಫೈಲ್’: ಮರದ ಮೇಲೆ ಚಾಚುವ ಒಂದು ರೆಕ್ಕೆ, ಕಾರ್ಪೆಟ್ಟಿನ ಕಡೆಗೆ ನೇರವಾಗಿ ಇಳಿಯುವ ಅಂಚು. ಕೆಳಗೆ ಬಿಗಿಯುವ ತಳಪಟ್ಟಿ ಬೇರೆ, ಮೇಲೆ ಕೂರುವ ಮುಚ್ಚಳ ಬೇರೆ ಇದ್ದರೆ ಇನ್ನೂ ಅನುಕೂಲ.

ಗೆರೆ ಎಲ್ಲಿ?

ಬಾಗಿಲು ಮುಚ್ಚಿ, ಅದರ ದಪ್ಪದ ನಡುವಿಗೆ ನೆಲದ ಮೇಲೆ ಗೆರೆ ಎಳೆಯಿರಿ. ಪಟ್ಟಿ ಅಲ್ಲಿಗೆ ಬಂದರೆ ಬಾಗಿಲು ಮುಚ್ಚಿದಾಗ ಈ ಕೋಣೆಯಲ್ಲಿ ಆ ಕೋಣೆಯ ನೆಲ ಇಣುಕುವುದಿಲ್ಲ. ಗೆರೆಯ ಮೇಲೆ ತಳಪಟ್ಟಿ ಕೂರುತ್ತದೆ. ಹಲಗೆಯನ್ನು ಅದಕ್ಕಿಂತ 8 ಮಿ.ಮೀ. ಹಿಂದೆಯೇ ಕತ್ತರಿಸಿ ನಿಲ್ಲಿಸಬೇಕು. ಮುಚ್ಚಳದ ರೆಕ್ಕೆ 18 ಮಿ.ಮೀ. ಇದ್ದರೆ ಮರದ ಮೇಲೆ 10 ಮಿ.ಮೀ. ಚಾಚಿಕೊಂಡಿರುತ್ತದೆ, ಬೇಸಿಗೆಯಲ್ಲಿ ಮರ ಕುಗ್ಗಿದರೂ ಸಂದು ಬಾಯಿ ಬಿಡುವುದಿಲ್ಲ. ಈ ಖಾಲಿ ಜಾಗ ಕಂಡರೆ ಗಾರೆಯವರಿಗೆ ಕೈ ತುರಿಸುತ್ತದೆ, ವೈಟ್ ಸಿಮೆಂಟ್ ತುಂಬಲು ಬರುತ್ತಾರೆ. ಬಿಡಬೇಡಿ.

ತಳಪಟ್ಟಿ ಬಿಗಿಯುವುದು

ಪಟ್ಟಿಯನ್ನು ಚೌಕಟ್ಟಿನ ಅಗಲಕ್ಕೆ ಹ್ಯಾಕ್ಸಾದಲ್ಲಿ ಕತ್ತರಿಸಿ ಅಂಚನ್ನು ಅರದಿಂದ ಉಜ್ಜಿ. ವಿಟ್ರಿಫೈಡ್ ಟೈಲ್ ಇದ್ದರೆ ಮೊದಲು ಟೈಲ್ ಬಿಟ್, ಆಮೇಲೆ ಕಾಂಕ್ರೀಟ್ ಬಿಟ್. ಟೈಲ್ ದಾಟುವ ತನಕ ಡ್ರಿಲ್ಲಿನ ಹ್ಯಾಮರ್ ಮೋಡ್ ಆಫ್ ಇರಲಿ, ಇಲ್ಲದಿದ್ದರೆ ಟೈಲ್ ಸೀಳುತ್ತದೆ. 6 ಮಿ.ಮೀ. ರಂಧ್ರ, ಪ್ಲಾಸ್ಟಿಕ್ ಪ್ಲಗ್, ಸ್ಕ್ರೂ. ನೆಲದೊಳಗೆ ವೈರಿನ ಪೈಪ್ ಹಾದುಹೋಗಿದೆ ಎಂಬ ಅನುಮಾನವಿದ್ದರೆ, ಅಥವಾ ಬಾಡಿಗೆ ಮನೆಯಾದರೆ, ಡ್ರಿಲ್ ಮುಟ್ಟಲೇಬೇಡಿ. ತಳಪಟ್ಟಿಯನ್ನು ಟೈಲಿಗೆ ಗಟ್ಟಿ ಅಂಟಿನಿಂದ ಕೂರಿಸಿ, ಒಂದು ದಿನ ತೂಕ ಹೇರಿ ಬಿಡಿ. ಅಂಟು ಹಲಗೆಯ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ನಮ್ಮ ಬಡಗಿಯ ಸ್ಕ್ರೂ ಮಾಡಿದ್ದನ್ನೇ ಅಂಟೂ ಮಾಡುತ್ತದೆ.

ಕಾರ್ಪೆಟ್ಟಿನ ಕಡೆ

ನಾಜೂಕು ಬೇಕಿರುವುದು ಇಲ್ಲಿ. ಗ್ರಿಪ್ಪರ್ ಎಂದರೆ ಸುಮಾರು ಒಂದು ಇಂಚು ಅಗಲದ ಮರದ ರೀಪು, ಮೈತುಂಬ ಓರೆ ಮೊಳೆಗಳು. ಮೊಳೆಗಳ ಮೂತಿ ಬಾಗಿಲ ಸಂದಿನತ್ತ ತಿರುಗಿರಬೇಕು. ಕಾರ್ಪೆಟ್ ಹಿಂದಕ್ಕೆ ಜಗ್ಗಿದಷ್ಟೂ ಅವು ಆಳಕ್ಕೆ ಕಚ್ಚುತ್ತವೆ. ಉಲ್ಟಾ ಹಾಕಿದರೆ ತಿಂಗಳೊಳಗೆ ಅಂಚು ಎದ್ದು ನಿಲ್ಲುತ್ತದೆ. ಪ್ರೊಫೈಲಿಗೂ ಗ್ರಿಪ್ಪರಿಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಡಿಮೆ ಜಾಗ ಬಿಡಿ. ಕೆಳಗಿನ ಮೆತ್ತೆ ಗ್ರಿಪ್ಪರಿನ ಹಿಂದೆಯೇ ನಿಲ್ಲಬೇಕು, ಮೇಲೆ ಹತ್ತಬಾರದು.

ಮುಚ್ಚಳ ಕೂರಿಸಿದ ಮೇಲೆ ಕಾರ್ಪೆಟ್ಟನ್ನು ಬಾಗಿಲಿನತ್ತ ಚೆನ್ನಾಗಿ ಎಳೆದು ಮೊಳೆಗಳಿಗೆ ಒತ್ತಿ. ಕೆಲಸಗಾರರ ಬಳಿ ಮೊಣಕಾಲಿನಿಂದ ಗುದ್ದಿ ಎಳೆಯುವ ‘ಕಿಕ್ಕರ್’ ಇದ್ದರೆ ಬಿಗಿ ಸರಿಯಾಗಿ ಬರುತ್ತದೆ. ಬಳಿಕ 10 ಮಿ.ಮೀ. ಹೆಚ್ಚಿಗೆ ಉಳಿಸಿಕೊಂಡು ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಹೆಚ್ಚು ಬಿಟ್ಟದ್ದನ್ನು ಮತ್ತೆ ಕತ್ತರಿಸಬಹುದು, ಕಡಿಮೆಯಾದದ್ದನ್ನು ಬೆಳೆಸಲಾಗದು. ಮೊಂಡಾದ ಅಗಲ ಉಳಿಯಿಂದ ಆ ಅಂಚನ್ನು ಸಂದಿನೊಳಕ್ಕೆ ಮಡಚಿ ತುರುಕಿ. ನೂಲು ಬಿಚ್ಚುವ ಜಾತಿಯ ಕಾರ್ಪೆಟ್ಟಾದರೆ ತುರುಕುವ ಮೊದಲು ಅಂಚಿಗೆ ಫ್ಯಾಬ್ರಿಕ್ ಗಮ್ ಸವರಿ ಒಣಗಿಸಿ.

ಇನ್ನು ಬಾಗಿಲು ತೆರೆದು ಮುಚ್ಚಿ ನೋಡಿ. ಕೆಳಗೆ ಉಜ್ಜಿದರೆ ಕಾರ್ಪೆಟ್ಟಿನ ಮೇಲೆ ಸಿಟ್ಟಾಗದೆ ಬಾಗಿಲನ್ನು ಕೀಲಿನಿಂದ ಇಳಿಸಿ, ಬುಡಕ್ಕೆ ಕೀಸುಳಿ ಹಾಕಿಸಬೇಕು.

ಮನೆಗೆಲಸಕ್ಕೆ ಬರುವವರಿಗೂ ಒಂದು ಮಾತು ಹೇಳಿಡಿ. ಲ್ಯಾಮಿನೇಟ್ ಹಲಗೆಯ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಕತ್ತರಿಸಿದ ಅಂಚಿಗೆ ನೀರಿಳಿದರೆ ಊದಿಕೊಂಡು ಮತ್ತೆ ಮೊದಲಿನಂತಾಗುವುದಿಲ್ಲ, ಆ ಅಂಚು ಇರುವುದು ಈ ಪಟ್ಟಿಯ ಕೆಳಗೇ. ಅಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಕೆಟ್ಟನ್ನಂತೂ ಬಾಗಿಲ ಹತ್ತಿರ ಇಡುವುದೇ ಬೇಡ.