ಮೇ ತಿಂಗಳಿಗಾಗಿ ಕಟ್ಟಿದ ಜೆಟ್ಟಿ

ಪುಣೆಯ ಬಳಿಯ ಪಾನಶೇತ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಹಾಯಿದೋಣಿ ಕಲಿಸುವ ಚಿಕ್ಕ ಕೇಂದ್ರ ನಡೆಸುತ್ತಿದ್ದ ಗೆಳೆಯರು ತಮಗೊಂದು ತೇಲುವ ಜೆಟ್ಟಿ (ದೋಣಿ ಕಟ್ಟಿ ಹತ್ತಿಳಿಯುವ ಕಟ್ಟೆ) ಬೇಕೆಂದು ನನ್ನನ್ನು ಕರೆದೊಯ್ದು ಜಾಗ ತೋರಿಸಿದ್ದು ಸೆಪ್ಟೆಂಬರ್ ತಿಂಗಳಲ್ಲಿ. ಜಲಾಶಯ ತುಂಬಿ ನೀರು ಹುಲ್ಲಿನ ಅಂಚನ್ನು ಮುಟ್ಟಿತ್ತು. ಹನ್ನೆರಡು ಮೀಟರ್ ಉದ್ದದ ತೆಪ್ಪ, ದಡದಿಂದ ಅದಕ್ಕೊಂದು ಹಲಗೆ, ನಾಲ್ಕು ಹಗ್ಗ, ಇಷ್ಟಾದರೆ ಕೆಲಸ ಮುಗಿಯಿತೆಂದು ಅವರೂ ಎಣಿಸಿದ್ದರು, ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಲ್ಲಿ 22 ವರ್ಷ ಯಂತ್ರಗಳೊಡನೆ ಕಳೆದ ನಾನೂ ಎಣಿಸಿದ್ದೆ. ಕೆಲಸ ಹೇಗೋ ಮುಂದಕ್ಕೆ ಬಿದ್ದು, ನಾನು ಎರಡನೆಯ ಬಾರಿ ಅಲ್ಲಿಗೆ ಹೋಗುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ನಾವು ಗೂಟ ನೆಟ್ಟಿದ್ದ ಜಾಗದಲ್ಲಿ ನಿಂತರೆ ನೀರು ಇದ್ದದ್ದು ಸುಮಾರು ನೂರೈವತ್ತು ಮೀಟರ್ ಆಚೆ, ಬಿರುಕುಬಿಟ್ಟ ಕೆಸರಿನ ಬಯಲಿನ ತುದಿಯಲ್ಲಿ.

ಆ ದಿನ ಲೆವೆಲ್ ಯಂತ್ರ ಇಟ್ಟು ಅಳೆದಾಗ ತುಂಬಿದ ಗುರುತಿಗೂ ಅಂದಿನ ನೀರಿಗೂ 17 ಮೀಟರ್ ಎತ್ತರದ ವ್ಯತ್ಯಾಸ ಬಂತು. ದಡದ ಇಳಿಜಾರು ಸರಾಸರಿ ಒಂಬತ್ತು ಮೀಟರಿಗೆ ಒಂದು ಮೀಟರ್ ಇತ್ತಾದ್ದರಿಂದ ನೀರು ಒಂದು ಮೀಟರ್ ಇಳಿದರೆ ದಡ ಒಂಬತ್ತು ಮೀಟರ್ ದೂರ ಸರಿಯುತ್ತದೆ. ಸಮುದ್ರದ ಉಬ್ಬರ ಇಳಿತಕ್ಕೆ ಕಂಬ ನೆಟ್ಟು, ಬಳೆ ತೊಡಿಸಿ, ಜೆಟ್ಟಿಯನ್ನು ಅದರಲ್ಲೇ ಮೇಲೆ ಕೆಳಗೆ ಜಾರಲು ಬಿಡುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಅಷ್ಟೆತ್ತರದ ಕಂಬದ ವೆಚ್ಚವನ್ನು ಮರೆತರೂ, ಬೇಸಿಗೆಯಲ್ಲಿ ಆ ಕಂಬದ ಬುಡದಲ್ಲಿ ನೀರೇ ಇರುವುದಿಲ್ಲ. ಸಹ್ಯಾದ್ರಿಯ ಜಲಾಶಯದಲ್ಲಿ ಜೆಟ್ಟಿ ನೀರಿನ ಹಿಂದೆ ನಡೆಯಬೇಕು. ಜೆಟ್ಟಿ ಮಾಡಿಸಬೇಕೆಂದು ಬಂದವರೆಲ್ಲ ಮೊದಲು ತೇಲಿಕೆಯ ಬಗ್ಗೆ ಕೇಳುತ್ತಾರೆ. ತೇಲಿಸುವುದು ಈ ಕೆಲಸದಲ್ಲಿ ಅತಿ ಸುಲಭದ ಭಾಗ.

ಸುಲಭವೆಂದು ತಿಳಿದದ್ದರಲ್ಲೇ ನಾನು ಎಡವಿದೆ ಎಂಬುದನ್ನೂ ಹೇಳಿಬಿಡುತ್ತೇನೆ. 3 ಮೀಟರ್ ಉದ್ದ, 2.4 ಮೀಟರ್ ಅಗಲದ ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸುವುದೆಂದು ತೀರ್ಮಾನಿಸಿ, ಪ್ರತಿ ತುಂಡಿಗೂ ಸತುಲೇಪಿತ ಉಕ್ಕಿನ ಚೌಕಟ್ಟು, ಮೇಲೆ ಮರದ ಹಲಗೆ, ಕೆಳಗೆ 200 ಲೀಟರಿನ ಎಂಟು ಪ್ಲಾಸ್ಟಿಕ್ ಡ್ರಮ್ ಇಟ್ಟೆವು. ಒಂದು ಲೀಟರ್ ನೀರನ್ನು ಸರಿಸಿದ ವಸ್ತುವಿಗೆ ಒಂದು ಕಿಲೋ ಆಸರೆ ಸಿಗುವುದರಿಂದ ಎಂಟು ಡ್ರಮ್ಮಿಗೆ 1600 ಕಿಲೋ. ತುಂಡಿನ ಸ್ವಂತ ತೂಕ 420 ಕಿಲೋ. ಉಳಿದದ್ದು ಜನರಿಗೆ ಧಾರಾಳ ಎಂದು ಲೆಕ್ಕ ಬರೆದುಕೊಂಡೆ. ಮೊದಲ ತುಂಡನ್ನು ಪ್ರಯೋಗಕ್ಕೆಂದು ನೀರಿಗಿಳಿಸಿದ ದಿನ ಹನ್ನೆರಡು ಮಂದಿ ಫೋಟೋ ತೆಗೆಸಿಕೊಳ್ಳಲು ಒಂದೇ ಅಂಚಿಗೆ ಸರಿದು ನಿಂತರು. ಆ ಅಂಚಿನ ನಾಲ್ಕು ಡ್ರಮ್ಮಿಗೆ ಹೊರಲು ಸಾಧ್ಯವಿದ್ದದ್ದು 800 ಕಿಲೋ. ಜನರ ಭಾರವೇ ಸುಮಾರು 780, ಅದರ ಮೇಲೆ ಚೌಕಟ್ಟಿನ ಅರ್ಧ ತೂಕ. ಹಲಗೆ ಮುಳುಗಿತು, ಎಲ್ಲರ ಪಾದರಕ್ಷೆ ತೊಯ್ದವು, ಒಬ್ಬರ ಮೊಬೈಲ್ ನೀರಿಗೆ ಹೋಯಿತು. ಇಂಡಿ ತಾಲ್ಲೂಕಿನಿಂದ ಬಂದು ಭೋಸರಿಯಲ್ಲಿ ನೆಲೆಸಿರುವ ನಮ್ಮ ವೆಲ್ಡರ್, 'ಸಾಹೇಬ್ರ, ಹರಿಗೋಲಿನಾಗ ಮಂದಿ ನಡುವ ಕುಂದರ್ತಾರ, ಇಲ್ಲಿ ಅಂಚಿಗಿ ನಿಂದರ್ತಾರ' ಎಂದ. ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದದ್ದು ಅದೇ.

ತಿದ್ದುಪಡಿ ಮೂರು ಕಡೆ ಆಯಿತು. ಡ್ರಮ್ಮುಗಳನ್ನು ಹತ್ತಕ್ಕೆ ಏರಿಸಿ, ಎರಡೂ ಸಾಲುಗಳನ್ನು ಹೊರ ಅಂಚಿಗೆ ತಳ್ಳಿದೆವು. ನಡುವೆ ಖಾಲಿ ಬಿಟ್ಟರೂ ನಷ್ಟವಿಲ್ಲ, ಏಕೆಂದರೆ ವಾಲದಂತೆ ತಡೆಯುವುದು ಅಂಚಿನ ಆಸರೆಯೇ. ನಾಲ್ಕು ತುಂಡುಗಳ ನಡುವಿನ ಕೀಲನ್ನು ಬಿಗಿಗೊಳಿಸಿ, ಒಂದು ವಾಲಿದರೆ ಪಕ್ಕದ್ದು ಭಾರ ಹಂಚಿಕೊಳ್ಳುವಂತೆ ಮಾಡಿದೆವು. ಮೂರನೆಯದು ಕೀಲಿನ ಸ್ವರೂಪ. ಮೊದಲು ಇಟ್ಟಿದ್ದ 25 ಮಿಲಿಮೀಟರಿನ ಉಕ್ಕಿನ ಪಿನ್ನು ಉಕ್ಕಿನ ತೂತಿನಲ್ಲಿ ತಿಕ್ಕಿ ರಾತ್ರಿಯೆಲ್ಲ ಕಿರುಗುಟ್ಟುತ್ತಿತ್ತು, ಒಂದೇ ಮಳೆಗಾಲದಲ್ಲಿ ತೂತು ಮೊಟ್ಟೆಯಾಕಾರಕ್ಕೆ ಬಂತು. ಈಗ ಗುಜರಿಯಿಂದ ತಂದ ಕನ್ವೇಯರ್ ಬೆಲ್ಟಿನ ತುಂಡನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಹಿಡಿದು ಬೋಲ್ಟ್ ಮಾಡಿದ್ದೇವೆ. ಪಟ್ಟಿಯಿಲ್ಲದೆ ಬೋಲ್ಟನ್ನು ನೇರವಾಗಿ ಬೆಲ್ಟಿಗೆ ಹಾಕಿದರೆ ತೂತು ಹರಿಯುತ್ತದೆ. ಅದನ್ನೂ ಒಮ್ಮೆ ಮಾಡಿ ನೋಡಿದ್ದಾಗಿದೆ.

ಹಳೆಯ ಡ್ರಮ್ಮು ಅಗ್ಗ, ಆದರೆ ಅದರಲ್ಲಿ ಮೊದಲು ಏನಿತ್ತೆಂಬುದನ್ನು ಕೇಳದೆ ಕೊಳ್ಳಬಾರದು. ಪಾನಶೇತದ ನೀರು ಖಡಕವಾಸಲಾಕ್ಕೆ ಇಳಿದು ಪುಣೆಯ ನಲ್ಲಿಗಳಿಗೆ ಹೋಗುತ್ತದೆ; ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಇದರಲ್ಲಿ ತೇಲಿಸುವುದು ಯಾರ ಮನೆಯ ಕುಡಿಯುವ ನೀರನ್ನು ಕದಡಿದಂತೆ ಎಂದು ಯೋಚಿಸಬೇಕು. ಖಾದ್ಯವಸ್ತು ತುಂಬಿದ್ದವನ್ನೇ ಆರಿಸಿದೆವು, ತೊಳೆದದ್ದು ಊರಿನಲ್ಲೇ. ಬಿಸಿಲಿಗೆ ಹಿಗ್ಗಿದ ಒಳಗಾಳಿ ರಾತ್ರಿ ತಣಿದು ಕುಗ್ಗುವಾಗ ಬಿರಡೆಯ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಬಿರಡೆಯನ್ನು ಸೀಲ್ ಮಾಡಿ ಮೇಲ್ಮುಖವಾಗಿಯೇ ಇಡಬೇಕು.

ಲಂಗರಿನ ವಿಚಾರದಲ್ಲಿ ಮಾತ್ರ ಮೇ ತಿಂಗಳು ನಮಗೆ ಉಪಕಾರ ಮಾಡಿತು. ಮಳೆಗಾಲದಲ್ಲಿ ಹದಿನೈದು ಮೀಟರ್ ಆಳದಲ್ಲಿ ಮುಳುಗಿರುವ ನೆಲದ ಮೇಲೆ ನಾವು ಆಗ ಚಪ್ಪಲಿ ಹಾಕಿಕೊಂಡು ನಡೆದಾಡಿದೆವು. ಒಂದು ಮೀಟರ್ ಚದರ, ಅರ್ಧ ಮೀಟರ್ ಎತ್ತರದ ಕಾಂಕ್ರೀಟ್ ಗಟ್ಟಿಗಳನ್ನು ಇಳಿಜಾರಿನುದ್ದಕ್ಕೂ ಜೋಡಿ ಜೋಡಿಯಾಗಿ ಅಲ್ಲಲ್ಲೇ ಎರಕ ಹೊಯ್ದೆವು. ಕ್ರೇನ್ ಬೇಕಾಗಲಿಲ್ಲ, ಮುಳುಗುಗಾರರೂ ಬೇಕಾಗಲಿಲ್ಲ. ಇಂಥ ಗಟ್ಟಿ ನೆಲದ ಮೇಲೆ 1200 ಕಿಲೋ ತೂಗಿದರೂ ನೀರಿನಲ್ಲಿ ಅದರ ಬಲ 700 ಕಿಲೋ ಮಾತ್ರ ಎಂಬುದನ್ನು ಮರೆಯಬಾರದು. ಗಂಟೆಗೆ 90 ಕಿಲೋಮೀಟರಿನ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 38 ಕಿಲೋ ಬಲ ಹಾಕುತ್ತದೆ. ಹತ್ತು ಚದರ ಮೀಟರಿನ ದೋಣಿಯ ಪಕ್ಕೆಗೆ ಅದು ಬಡಿದರೆ 380 ಕಿಲೋ, ಅಂಥ ದೋಣಿಗಳು ನಾಲ್ಕಿದ್ದರೆ ಲೆಕ್ಕ ಬೇರೆಯೇ. ಅದಕ್ಕಾಗಿ ದೋಣಿಗಳ ಮೂತಿ ನೈಋತ್ಯ ಮಾರುತ ಬರುವ ದಿಕ್ಕಿಗಿರುವಂತೆ ಜೆಟ್ಟಿಯನ್ನು ತಿರುಗಿಸಿ ನಿಲ್ಲಿಸಿದೆವು. ಎಡ ಮೂಲೆಯ ಸರಪಳಿಯನ್ನು ಬಲಗಡೆಯ ಗಟ್ಟಿಗೂ, ಬಲ ಮೂಲೆಯದನ್ನು ಎಡಗಟ್ಟಿಗೂ ಜೆಟ್ಟಿಯ ಅಡಿಯಲ್ಲೇ ಅಡ್ಡಹಾಯಿಸಿದ್ದರಿಂದ ಪಕ್ಕಕ್ಕೆ ಬರುವ ದೋಣಿಗಳಿಗೆ ಸರಪಳಿ ತೊಡರುವುದಿಲ್ಲ.

ಎರಕ ಹೊಯ್ಯುವಾಗ ಕಂಡ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕೆಸರಿನಡಿಯಿಂದ ಹಳೆಯ ಹೊಲದ ಬದುಗಳು, ಮೊಣಕಾಲೆತ್ತರದ ಕಲ್ಲುಗೋಡೆ, ಕತ್ತರಿಸಿದ ಮರದ ಬೊಡ್ಡೆಗಳು ಮೇಲೆದ್ದಿದ್ದವು. ಆಲಮಟ್ಟಿಯ ಹಿನ್ನೀರು ನುಂಗಿದ ಹಳೇ ಬಾಗಲಕೋಟೆಯ ಓಣಿಯಲ್ಲಿ ಹುಟ್ಟಿದವನು ನಾನು. ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಕೆಲಸದ ದೃಷ್ಟಿಯಿಂದ ಅದು ಅಪಾಯದ ಗುರುತು: ನೀರು ಇಳಿಯುವಾಗ ಜೆಟ್ಟಿ ಅಂಥ ಗೋಡೆಯ ಮೇಲೆ ಕುಳಿತರೆ ಡ್ರಮ್ಮು ಒಡೆಯುತ್ತದೆ, ಬೊಡ್ಡೆಗೆ ಸರಪಳಿ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ, ಜೆಟ್ಟಿ ಇಳಿಯುವ ದಾರಿಯನ್ನು ಎಂಟು ಮೀಟರ್ ಪಕ್ಕಕ್ಕೆ ಸರಿಸಿದೆವು.

ಆ ದಾರಿಯಲ್ಲಿ ಒಂಬತ್ತು ಮೀಟರಿಗೊಂದರಂತೆ ಕಾಂಕ್ರೀಟ್ ಹಾಸು ಮಾಡಿ, ಆರು ಮೀಟರಿನ ಕಾಲುಸೇತುವೆಯ ದಡದ ಕೊನೆಯನ್ನು ಅದರ ಮೇಲೆ ಕೀಲಿನಿಂದ ಕೂರಿಸಿ, ಜೆಟ್ಟಿಯ ಕಡೆಯ ಕೊನೆಗೆ ಗಾಲಿ ಕೊಟ್ಟಿದ್ದೇವೆ. ಸೇತುವೆಯ ಇಳಿಜಾರು ನಾಲ್ಕಕ್ಕೆ ಒಂದನ್ನು ಮೀರುವ ಮೊದಲೇ ಮುಂದಿನ ಹಾಸಿನ ಮೇಲಕ್ಕೆ ಸರಿಸಬೇಕು. ಅಕ್ಟೋಬರಿನಿಂದ ಮೇ ಕೊನೆಯವರೆಗೆ ಹೀಗೆ ಹದಿನೇಳು ಬಾರಿ. ನಾಲ್ವರಿದ್ದರೆ ಒಂದೊಂದು ಸಲಕ್ಕೆ ಒಂದೂವರೆ ತಾಸು.

ಇಳಿಯುವ ನೀರಿಗೆ ತಾಳ್ಮೆಯಿದೆ, ಏರುವ ನೀರಿಗಿಲ್ಲ. ಮೊದಲ ಜುಲೈನ ಒಂದು ರಾತ್ರಿ ಮೇಲಿನ ಕಣಿವೆಗಳಲ್ಲಿ ಸುರಿದ ಮಳೆಗೆ ನೀರು ಒಂದೂವರೆ ಮೀಟರ್ ಏರಿತು. ಸರಪಳಿಯನ್ನು ಬಿಗಿಯಾಗಿ ಕಟ್ಟಿದ್ದೆವು. ಬೆಳಿಗ್ಗೆ ಹೋದಾಗ ಜೆಟ್ಟಿಯ ಒಂದು ಮೂಲೆ ನೀರಿನೊಳಕ್ಕೆ ಎಳೆಯಲ್ಪಟ್ಟು, ಚೌಕಟ್ಟು ತಿರುಚಿಕೊಂಡಿತ್ತು. 1961ರ ಜುಲೈ 12ರಂದು ಪಾನಶೇತವೂ ಖಡಕವಾಸಲಾವೂ ಒಡೆದ ಕಥೆಯನ್ನು ಕೇಳಿ ಬೆಳೆದ ಸುತ್ತಲಿನ ಹಿರಿಯರು, 'ಇದು ಕಿತ್ತುಕೊಂಡು ಅಣೆಕಟ್ಟಿಗೆ ಹೋಗಿ ಬಡಿದರೆ?' ಎಂದು ಕೇಳಿದ್ದನ್ನು ನಾನು ನಗೆಯಲ್ಲಿ ತೇಲಿಸಿದ್ದೆ. ಅಂದಿನ ನಂತರ ನಗಲಿಲ್ಲ. ಸರಪಳಿಯನ್ನು ಉದ್ದ ಮಾಡಿ, ಅದರ ನಡುವೆ 25 ಕಿಲೋದ ಭಾರ ತೂಗುಬಿಟ್ಟೆವು; ನೀರು ಏರಿದರೆ ಭಾರ ಮೇಲೆದ್ದು ಸರಪಳಿ ಬಿಚ್ಚಿಕೊಳ್ಳುತ್ತದೆ, ಇಳಿದರೆ ತಾನೇ ಸಡಿಲನ್ನು ಎಳೆದುಕೊಳ್ಳುತ್ತದೆ. ಎರಡು ಮೀಟರಿನ ಏರಿಳಿತವನ್ನು ಅದು ಯಾರ ಸಹಾಯವೂ ಇಲ್ಲದೆ ನುಂಗುತ್ತದೆ. ಅದಕ್ಕಿಂತ ಹೆಚ್ಚಿಗೆ ಸರಪಳಿ ಸುತ್ತುವ ಕೈತಿರುಗಣೆಯೂ ಒಬ್ಬ ಕಾವಲುಗಾರನೂ ಇದ್ದಾರೆ.

ದೀಪಗಳಿಗೆ 12 ವೋಲ್ಟಿನ ಸೌರಫಲಕ ಮಾತ್ರ. 230 ವೋಲ್ಟಿನ ತಂತಿ ಎಳೆಯೋಣವೆಂದು ಕೇಳಿದವರಿಗೆ ನಾನು ಒಪ್ಪಲಿಲ್ಲ: ಸಿಹಿನೀರಿಗಿಂತ ಮನುಷ್ಯನ ದೇಹ ವಿದ್ಯುತ್ತಿಗೆ ಸುಲಭದ ದಾರಿಯಾದ್ದರಿಂದ, ಸೋರಿದ ಅಲ್ಪ ವಿದ್ಯುತ್ತೂ ಈಜುವವನ ಸ್ನಾಯುಗಳನ್ನು ಮರಗಟ್ಟಿಸಿ ಮುಳುಗಿಸಬಲ್ಲದು.

ನಿರ್ವಹಣೆಗೆ ವರ್ಷಕ್ಕೆ ಎರಡು ಸಲ ಪೂರ್ತಿ ಪರಿಶೀಲನೆ ಇಟ್ಟುಕೊಂಡಿದ್ದೇವೆ. ಮಳೆ ನಿಂತ ಮೇಲೆ ಹಲಗೆಯ ಪಾಚಿಯನ್ನು ಉಜ್ಜಿ ತೆಗೆದು, ವೆಲ್ಡಿಂಗ್ ಜಾಗದಲ್ಲಿ ಲೇಪ ಹೋದಲ್ಲಿ ಸತುವಿನ ಬಣ್ಣ ಬಳಿಯುತ್ತೇವೆ. ಮೇ ತಿಂಗಳಲ್ಲಿ ಬಯಲಾದ ಗಟ್ಟಿಗಳ ಕೊಂಡಿ ಮತ್ತು ಸರಪಳಿಯ ಸವೆತವನ್ನು ಕ್ಯಾಲಿಪರಿನಿಂದ ಅಳೆಯುತ್ತೇವೆ. 10 ಮಿಲಿಮೀಟರಿನ ಸರಪಳಿ 8ಕ್ಕೆ ಬಂದರೆ ಬದಲಾವಣೆ. ಅತಿ ಹೆಚ್ಚು ಸವೆಯುವುದು ನೆಲಕ್ಕೆ ತಾಗಿ ಎದ್ದು ಬೀಳುವ ಭಾಗ, ಅದನ್ನೇ ಮೊದಲು ನೋಡಬೇಕು. ನೀಲಿ ಡ್ರಮ್ಮುಗಳು ಬಿಸಿಲಿಗೆ ಪೆಡಸಾಗುತ್ತಿವೆ. ಅಂಚಿನ ಸಾಲಿನಲ್ಲಿ ಉಗುರಿನಿಂದ ಕೆರೆದರೆ ಪುಡಿ ಬರುವ ಆರು ಡ್ರಮ್ಮುಗಳ ಮೇಲೆ ಸುಣ್ಣದ ಗುರುತು ಹಾಕಿದ್ದೇನೆ. ನೀರು ಕೆಳಗಿನ ಹಾಸಿನ ಮಟ್ಟಕ್ಕೆ ಇಳಿದ ವಾರ ಅವನ್ನು ತೆಗೆದು, ಒಳಗೆ ಫೋಮ್ ತುಂಬಿದ ಕಪ್ಪು ತೇಲುಗಳನ್ನು ಕೂರಿಸುವುದೆಂದು ವೆಲ್ಡರಿಗೆ ಹೇಳಿದ್ದಾಗಿದೆ.